ಕನ್ನಡಿಯ ಜಾರುಬಾಗಿಲು

ತಾಳ್ಯದ ನಮ್ಮ ಮನೆಯ ಬಟ್ಟೆಬೀರುವಿಗೆ ಕನ್ನಡಿಯ ಜಾರುಬಾಗಿಲುಗಳಿವೆ. ಕನ್ನಡಿಯ ಕೆಳಅಂಚು ಕಪ್ಪಾಗಿದೆ. ಬಾಗಿಲನ್ನೇ ಬದಲಿಸಬೇಕೆಂಬುದು ಮನೆಯವರ ಮತ. ಆ ವೆಚ್ಚ ಅನಾವಶ್ಯಕವೆಂಬುದು ನನ್ನದು.

ಮುಖವನ್ನು ತೋರಿಸುವುದು ಗಾಜಿನ ಬೆನ್ನಿಗಿರುವ ಬೆಳ್ಳಿಯ ತೆಳುಲೇಪ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿ ಈ ಕ್ರಮವನ್ನು ಕಂಡುಹಿಡಿದನು. ಅದಕ್ಕೆ ಮುಂಚೆ ತವರ, ಪಾದರಸಗಳನ್ನು ಲೇಪಿಸುತ್ತಿದ್ದರು. ಪಾದರಸದ ಆವಿ ಕೆಲಸಗಾರರಿಗೆ ವಿಷವೇ ಆಗಿತ್ತು. ನಮ್ಮ ಬೆಳ್ಳಿಗಾದರೋ ನೀರೇ ಶತ್ರು. ಕನ್ನಡಿಗೆ ಎರಚಿದ ನೀರು ಕೆಳಗಿಳಿದು ಅಂಚಿನೊಳಗೆ ಸೇರಿದರೆ ಲೇಪ ಕೆಡುತ್ತದೆ. ಒದ್ದೆಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಬೇಕು.

ಕಪ್ಪಾದುದು ಒರೆಸಿದರೆ ಬೆಳಗದು. ಅದರ ಮೇಲೆ ಮಲೆನಾಡಿನ ಹಸೆಚಿತ್ತಾರದಂತಹ ಅಂಚನ್ನು ಎನಾಮಲ್ ಬಣ್ಣದಿಂದ ಬರೆಯಬಹುದು. ಹಿಂದಿನ ಬಾಗಿಲಿಗೆ ಮರದ ಪಟ್ಟಿ ಬೇಡ. ಮುಂದಿನದು ಸರಿಯುವಾಗ ತಗಲುತ್ತದೆ. ಮೊದಲು ಹಳಿಯ ಧೂಳನ್ನು ತೆಗೆಯಿರಿ. ನಮ್ಮ ಬಾಗಿಲು ಬಿಗಿಯಾಗಿದ್ದುದು ಅದರಿಂದಲೇ!