ಹಿಮ ಸೀಳಿದ ಕಲ್ಲು, ಬೆಂಕಿ ಸೀಳಿದ ಕಲ್ಲು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನುದಾರರು ಕಟ್ಟಿಸಿದ ಹಳೆಯ ಕಲ್ಲುಮನೆಗೆ ಮ್ಯಾನರ್ ಹೌಸ್ ಎನ್ನುತ್ತಾರೆ. ಸುತ್ತಲಿನ ಹೊಲ, ಹುಲ್ಲುಗಾವಲು, ಒಕ್ಕಲುಗಳ ಮೇಲೆ ಹಕ್ಕಿದ್ದ ಧಣಿ ಅಲ್ಲಿ ವಾಸವಿರುತ್ತಿದ್ದ. ಗೇಣಿಯ ಲೆಕ್ಕ, ಬದುವಿನ ಜಗಳ, ಹಬ್ಬದೂಟ ಎಲ್ಲವೂ ಆ ಮನೆಯ ದೊಡ್ಡ ಪಡಸಾಲೆಯಲ್ಲೇ ನಡೆಯುತ್ತಿದ್ದವು. ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಪಟೇಲರ ಮನೆಯ ತೊಟ್ಟಿಯಲ್ಲಿ ನಡೆಯುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ. ಆದರೂ ಎರಡು ಮನೆಗಳ ಆಕಾರಕ್ಕೆ ಹೋಲಿಕೆಯೇ ಇಲ್ಲ. ಅದಕ್ಕೆ ಅರ್ಧ ಕಾರಣ ಹವೆ, ಇನ್ನರ್ಧ ನೆಲದಡಿಯ ಕಲ್ಲು.

ಒಂದು ಮ್ಯಾನರನ್ನು ಹತ್ತಿರದಿಂದ ನೋಡೋಣ. ವಿಲ್ಟ್‌ಶೈರ್ ಸೀಮೆಯ ಗ್ರೇಟ್ ಚಾಲ್‌ಫೀಲ್ಡ್ ಮನೆಯನ್ನು ಥಾಮಸ್ ಟ್ರೋಪ್‌ನೆಲ್ ಎಂಬಾತ 1465ರಿಂದ 1480ರ ನಡುವೆ ಕಟ್ಟಿಸಿದ. ನಮ್ಮಲ್ಲಿ ಅದು ವಿಜಯನಗರದ ಕಾಲ. ಸುತ್ತ ನೀರು ತುಂಬಿದ ಕಂದಕ, ಪಕ್ಕದಲ್ಲೇ ಪುಟ್ಟ ಚರ್ಚು. ಮನೆಯ ನಟ್ಟನಡುವೆ ಪಡಸಾಲೆ. ಅದರ ಒಂದು ತುದಿಗೆ ಅಡುಗೆ, ಉಗ್ರಾಣದ ಭಾಗ, ಇನ್ನೊಂದು ತುದಿಗೆ ಯಜಮಾನನ ಖಾಸಗಿ ಕೋಣೆಗಳು. ಪಡಸಾಲೆಯ ಗೋಡೆಯಲ್ಲಿ, ತಲೆಯೆತ್ತಿ ನೋಡಿದರೆ ಕಾಣುವಷ್ಟು ಎತ್ತರದಲ್ಲಿ, ಕಲ್ಲಿನ ಮುಖವಾಡಗಳಿವೆ. ಅವುಗಳ ಕಣ್ಣು ತೂತು. ಮಹಡಿಯ ಕೋಣೆಯಲ್ಲಿದ್ದವರು ಆ ತೂತಿಗೆ ಕಣ್ಣಿಟ್ಟರೆ ಕೆಳಗೆ ಯಾರು ಬಂದರು, ಯಾರು ಏನು ಮಾಡುತ್ತಿದ್ದಾರೆ ಎಲ್ಲ ಕಾಣುತ್ತದೆ. ಧಣಿಯ ಕಣ್ಣು ತಪ್ಪಿಸಿ ಏನೂ ನಡೆಯದಂತೆ ಗೋಡೆಯನ್ನೇ ಕಾವಲಿಗೆ ನಿಲ್ಲಿಸಿದ ಕಟ್ಟಡ ಅದು.

ಇಂಥ ಮುಖವಾಡ ಕೆತ್ತಲು ಸಾಧ್ಯವಾದದ್ದು ಅಲ್ಲಿಯ ಸುಣ್ಣಕಲ್ಲಿನಿಂದ. ಸುಮಾರು 17 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಹರಳುಹರಳಾಗಿ ಕೂತು ಗಟ್ಟಿಯಾದ ಕಲ್ಲು ಅದು. ಗಣಿಯಿಂದ ತೆಗೆದ ಹೊಸದರಲ್ಲಿ ಒಡಲೊಳಗೆ ತೇವವಿದ್ದು ಮೆತ್ತಗಿರುತ್ತದೆ, ಗಾಳಿಗೆ ಒಣಗುತ್ತ ಬಿಗಿಯಾಗುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಹೊಯ್ಸಳ ಶಿಲ್ಪಿಗಳ ಉಳಿಗೆ ಒಲಿದ ಬಳಪದ ಕಲ್ಲಿನ ಗುಣವೂ ಇದೇ. ಇನ್ನು ಹವೆ: ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಇಂಗ್ಲೆಂಡಿನಲ್ಲಿ ಬೆಳಕು ದುಬಾರಿ. ಹಾಗಾಗಿ ಮ್ಯಾನರಿನ ಕಿಟಕಿಗಳು ದೊಡ್ಡವು. ಸಪೂರ ಕಲ್ಲುಕಂಬಗಳು ಅವನ್ನು ಪಾಲು ಮಾಡುತ್ತವೆ, ನಡುವೆ ಸೀಸದ ಪಟ್ಟಿಯಲ್ಲಿ ಕೂರಿಸಿದ ಚಿಕ್ಕ ಚಿಕ್ಕ ಗಾಜು.

ಇನ್ನು ಸೂರಿನ ಮಾತು. ನನಗೆ ಇಡೀ ವಿಷಯದಲ್ಲಿ ಅತಿ ಸೊಗಸೆನಿಸುವುದು ಇದೇ. ಕಾಟ್ಸ್‌ವೋಲ್ಡ್ ಸೀಮೆಯ ಸ್ಟೋನ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಚಾವಣಿಯ ಕಲ್ಲನ್ನು ಗಣಿಯಿಂದ ತೆಗೆದು, ಒಣಗದಂತೆ ತೇವವಾಗಿಟ್ಟು, ಚಳಿಗಾಲದ ಬಯಲಿಗೆ ಬಿಡುತ್ತಿದ್ದರು. ಪದರಗಳ ನಡುವಿನ ನೀರು ರಾತ್ರಿ ಹೆಪ್ಪುಗಟ್ಟಿದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಕಲ್ಲನ್ನು ತೆಳ್ಳಗೆ ಬಿಡಿಸುತ್ತಿತ್ತು. ಹೀಗೆ ಹಿಮವೇ ಸೀಳಿಕೊಟ್ಟ ಬಿಲ್ಲೆಗಳಿಗೆ ತೂತು ಕೊರೆದು, ಮರದ ಗೂಟಕ್ಕೆ ಸಿಕ್ಕಿಸಿ, ಕೆಳಗೆ ದೊಡ್ಡವು, ಮೇಲೆ ಹೋದಂತೆ ಚಿಕ್ಕವು ಬರುವಂತೆ ಹೊದಿಸುತ್ತಿದ್ದರು. ಮಳೆ, ಹಿಮ ನಿಲ್ಲದೆ ಜಾರಲೆಂದು ಚಾವಣಿ ಕಡಿದಾಗಿರುತ್ತಿತ್ತು.

ತುಮಕೂರು ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ಆ ಕೆಲಸ ಬೆಂಕಿಯದು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಹೊತ್ತ ಗ್ರಾನೈಟ್ ಪಟ್ಟಿ ಸಾವನದುರ್ಗ, ಶಿವಗಂಗೆಗಳ ಕಡೆಯಿಂದ ಮಧುಗಿರಿ, ಪಾವಗಡದತ್ತ ಹಾಯುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಯ ಮೈಮೇಲೆ ಸೌದೆ ಹರಡಿ ಹೊತ್ತಿಸಿದರೆ ಮೇಲ್ಪದರ ಕಾದು ಹಿಗ್ಗುತ್ತದೆ, ಒಳಗಿನ ಕಲ್ಲು ತಣ್ಣಗೇ ಇರುತ್ತದೆ. ಎರಡಕ್ಕೂ ಹೊಂದಿಕೆ ತಪ್ಪಿ ಪದರ ಎದ್ದು ಬರುತ್ತದೆ. ಅನುಭವಿ ಕಲ್ಲುಕುಟಿಗರು ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಬೆಂಕಿಯನ್ನು ಎಷ್ಟು ಮುಂದಕ್ಕೆ ಸರಿಸಬೇಕೆಂದು ಹೇಳುತ್ತಿದ್ದರು. ಆಮೇಲೆ ಗೆರೆ ಹಾಕಿ, ಉಳಿಯಿಂದ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು ಹೊಡೆದರೆ ನೇರವಾಗಿ ಸೀಳಿದ ಚಪ್ಪಡಿ ಸಿದ್ಧ.

ಈ ಕಲ್ಲಿಗೆ ಒಂದು ಮಿತಿಯಿದೆ. ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಆದರೆ ಎರಡು ತುದಿಗೆ ಆಧಾರ ಕೊಟ್ಟು ಮಲಗಿಸಿದಾಗ ನಡುವೆ ಬಾಗುವ ಎಳೆತಕ್ಕೆ ಅಷ್ಟು ತಾಳುವುದಿಲ್ಲ. ಏಳೆಂಟು ಅಡಿಯ ಆಚೆಗೆ ಚಪ್ಪಡಿ ಹಾಸುವುದು ಅಪಾಯ. ಆದ್ದರಿಂದ ಚಪ್ಪಡಿ ಸೂರಿನ ಮನೆಗಳಲ್ಲಿ ಅಂಕಣ ಕಿರಿದು, ಕಂಬ ಒತ್ತೊತ್ತು, ಬೆಳಕಿಗೆ ಸೂರಿನಲ್ಲೊಂದು ಬೆಳಕಿಂಡಿ. ಮ್ಯಾನರಿನ ಅಗಲವಾದ ಪಡಸಾಲೆಗೆ ಓಕ್ ಮರದ ಉದ್ದನೆಯ ತೊಲೆಗಳಿದ್ದವು. ನಮ್ಮವರು ಇಕ್ಕಟ್ಟಾಗಿ ಕಟ್ಟಿದ್ದು ಬುದ್ಧಿ ಸಾಲದೆ ಅಲ್ಲ, ಕಲ್ಲಿನ ಅಳತೆ ಅರಿತು.

ಇಂಗ್ಲಿಷರು ಈ ಸೀಮೆಗೆ ಬಂದಾಗ ತಮ್ಮೂರಿನ ಮನೆಯ ನಕ್ಷೆಯನ್ನು ಜೊತೆಗೆ ತರಲಿಲ್ಲ. ಅವರು ಇಲ್ಲಿ ನೆಲೆಯೂರಿದ್ದು ಬೇರೆ ಬೇರೆ ಕೆಲಸಕ್ಕೆ: ಗುಬ್ಬಿಯಲ್ಲಿ 1837ರಲ್ಲಿ ಥಾಮಸ್ ಹಾಡ್ಸನ್ ವೆಸ್ಲಿಯನ್ ಕ್ರೈಸ್ತ ಮಿಷನ್ ಆರಂಭಿಸಿದರು. ಟಿಪ್ಪುವಿನ ಕಾಲದ ಕುಣಿಗಲ್ಲಿನ ಕುದುರೆ ಲಾಯ ಮುಂದೆ ಬ್ರಿಟಿಷ್ ಸೈನ್ಯಕ್ಕೆ ಕುದುರೆ ಒದಗಿಸಿತು. ವಾಸಕ್ಕೆ ಮಾತ್ರ ಮೈಸೂರು ಸೀಮೆಯಲ್ಲಿ ಈ ಬಿಳಿ ದೊರೆಗಳು ನೆಚ್ಚಿಕೊಂಡದ್ದು ಬಂಗಲೆಯನ್ನು: ಸುತ್ತ ಅಗಲ ವರಾಂಡ, ಎತ್ತರದ ಸೂರು, ಬಿಸಿಲಿಗೆ ಬೆನ್ನು ಮಾಡಿದ ಕೋಣೆಗಳು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇಂಥ ಮನೆಗಳ ತಲೆಗೆ ಕೆಂಪು ಹೆಂಚು ಬಂತು. ಮ್ಯಾನರಿನ ಹೊರವೇಷ ಬೇಕೆನಿಸಿದ್ದು ಅರಮನೆಗೆ. ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ 1873ರಲ್ಲಿ ಕೊಂಡ ಬೆಂಗಳೂರು ಅರಮನೆಯಲ್ಲಿ ಟ್ಯೂಡರ್ ಶೈಲಿಯ ಬುರುಜು, ತೆನೆಗೋಡೆಗಳು ಇವತ್ತಿಗೂ ಇವೆ. ನೋಡಲು ಚೆಂದ, ಆದರೆ ಹವೆ ಕೇಳಿದ್ದಕ್ಕೆ ಕಟ್ಟಿದ್ದಲ್ಲ.

ಗ್ರೇಟ್ ಚಾಲ್‌ಫೀಲ್ಡಿನ ಒಂದಷ್ಟು ಭಾಗ 19ನೇ ಶತಮಾನದಲ್ಲಿ ಉರುಳಿತು. 1905ರ ನಂತರ ಅದನ್ನು ಮತ್ತೆ ನಿಲ್ಲಿಸಲು ಸಾಧ್ಯವಾದದ್ದು, 1830ರ ದಶಕದಲ್ಲಿ ಥಾಮಸ್ ಲಾರ್ಕಿನ್ಸ್ ವಾಕರ್ ಎಂಬಾತ ಮನೆಯನ್ನು ಅಳೆದು ಬರೆದಿಟ್ಟ ನಕ್ಷೆಗಳಿಂದ. ಕುಣಿಗಲ್, ಗುಬ್ಬಿ ಕಡೆ ಚಪ್ಪಡಿ ಮನೆಗಳನ್ನು ಕೆಡವಿ ಅದೇ ಕಲ್ಲಿನಿಂದ ಮೋರಿ ಮುಚ್ಚುವುದು ಸಾಮಾನ್ಯ. ಕೆಡವುವ ಮೊದಲು ಊರಿನ ಶಾಲೆಯ ಮಕ್ಕಳು ಟೇಪು ಹಿಡಿದು ಅಂಕಣದ ಅಗಲ, ಕಂಬದ ಎತ್ತರ, ಚಪ್ಪಡಿಯ ದಪ್ಪ ಬರೆದಿಟ್ಟುಕೊಳ್ಳಬಹುದು. ಚಪ್ಪಡಿಯ ಅಂಚನ್ನೂ ನೋಡಬೇಕು: ಅಲ್ಲಿ ಸಾಲಾಗಿ ಅರ್ಧರ್ಧ ಗುಳಿಗಳಿದ್ದರೆ, ಆ ಬದಿಯನ್ನು ಸೀಳಿದ್ದು ಬೆಣೆ ಹೊಡೆದು.