ಹಿರಿಯ ಬಿಳಿಮೀನು ಗಾಳಕ್ಕೆ ಸಿಗುತ್ತಿದ್ದುದು ಹೇಗೆ?

ಕಾವೇರಿ ಕೊಳ್ಳದ ಬಿಳಿಮೀನನ್ನು ಹೊರಗಿನವರು ಮಹಶೀರ್ ಎಂದು ಕರೆಯುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥದನ್ನು ಹಿಡಿಯಲು ತೋಳ್ಬಲಕ್ಕಿಂತ ನೀರಿನ ಪರಿಚಯ ಮುಖ್ಯ.

ದೊಡ್ಡ ಮೀನು ಸೆಳವಿನ ನಡುವೆ ನಿಂತು ಶಕ್ತಿಯನ್ನು ವ್ಯಯಿಸುವುದಿಲ್ಲ. ಬಂಡೆಯ ಮರೆಯಲ್ಲಿ, ಅಥವಾ ರಭಸದ ನೀರು ಮಡುವಿಗಿಳಿಯುವ ಅಂಚಿನಲ್ಲಿ, ತೇಲಿಬರುವ ಆಹಾರಕ್ಕಾಗಿ ಕಾಯುತ್ತದೆ. ಭೀಮೇಶ್ವರಿ, ಗಾಳಿಬೋರೆಗಳ ಅನುಭವಿಗಳು ಗಾಳವನ್ನು ಅಲ್ಲಿಗೇ ಬಿಡುತ್ತಿದ್ದರು. ಎರೆಯೋ ನಮ್ಮ ಅಡುಗೆಮನೆಯದೇ: ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿಯ ಉಂಡೆ. (ಮುದ್ದೆಯನ್ನು ಒಲ್ಲೆನೆನ್ನುವ ಮಕ್ಕಳು ಗಮನಿಸಬೇಕು.) ಉಂಡೆ ದೊಡ್ಡದೂ ಗಟ್ಟಿಯೂ ಆಗಿದ್ದರೆ ಸಣ್ಣ ಮೀನುಗಳು ಅದನ್ನು ಬೇಗನೆ ಕುಕ್ಕಿ ಮುಗಿಸಲಾರವು. ಗಾಳ ಕಚ್ಚಿದ ಮೀನು ಬಂಡೆಗಳ ಸಂದಿಗೆ ನುಗ್ಗಿ ದಾರವನ್ನು ತುಂಡರಿಸುವುದುಂಟು; ಆದ್ದರಿಂದ ಹರಿಗೋಲಿನಲ್ಲಿ ಅದನ್ನು ಹಿಂಬಾಲಿಸುತ್ತಿದ್ದರು.

ಇಂದು ವಿದ್ಯೆ ಉಳಿದಿದ್ದರೂ ಮೀನೇ ವಿರಳ. ಆ ದೈತ್ಯಗಾತ್ರ ಕಾವೇರಿಯದೇ ಆದ ಗೂನುಬೆನ್ನಿನ ತಳಿಯದು. ಮೀನಿನ ಸಂಖ್ಯೆಯನ್ನು ಹೆಚ್ಚಿಸಲೆಂದು ಮರಿಕೇಂದ್ರಗಳಿಂದ ತಂದುಬಿಟ್ಟ ನೀಲಿ ರೆಕ್ಕೆಯ ತಳಿ ಅದರ ಸ್ಥಾನವನ್ನು ಆಕ್ರಮಿಸಿತು. ಸಿಡಿಮದ್ದಿನ ಬೇಟೆ, ಅಣೆಕಟ್ಟುಗಳು ಉಳಿದ ಹಾನಿಯನ್ನು ಮಾಡಿದವು. ಒಳ್ಳೆಯ ಉದ್ದೇಶದಿಂದ ನಡೆದ ಕೆಲಸವೇ ಮೂಲ ತಳಿಗೆ ಮುಳುವಾದುದು ಕಹಿಯಾದ ಸಂಗತಿ. ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ ಎಂಬುದು, ದೊರೆತದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚನ್ನು ತಲುಪಿತ್ತು. ತಾಳವಾಡಿ, ನೀಲಗಿರಿಗಳ ನಮ್ಮವರಿಗೆ ಹತ್ತಿರದ ಮೋಯಾರ್ ನದಿಯಲ್ಲಿ ಅದರ ಸಂತತಿ ಕಂಡುಬಂದಿದೆ.