ಹಸಿ ಬಾರ್ಲಿಯ ಖಾರ

ಒಂದೇ ಆಕಾರದ ಮೂರು ಗ್ಲಾಸು. ತಲಾ ಎರಡೇ ಚಮಚ ವಿಸ್ಕಿ. ಪಕ್ಕದಲ್ಲಿ ಒಂದು ಲೋಟ ನೀರು. ಐಸ್ ಬೇಡ, ಸೋಡಾ ಬೇಡ. ಬುಷ್‌ಮಿಲ್ಸ್ ಒರಿಜಿನಲ್, ಜೇಮ್ಸನ್, ಪವರ್ಸ್ ಗೋಲ್ಡ್ ಲೇಬಲ್ – ಐರ್ಲೆಂಡಿನಲ್ಲಿ ಸಾಮಾನ್ಯರ ಜೇಬಿಗೆ ನಿಲುಕುವ ಈ ಮೂರನ್ನು ಸಾಲಾಗಿಟ್ಟು ರುಚಿ ನೋಡಿದರೆ ಆ ನಾಡಿನ ಭಟ್ಟಿ ಕಸುಬಿನ ಒಳಗುಟ್ಟೇ ನಾಲಿಗೆಗೆ ಸಿಗುತ್ತದೆ.

ಬೆಲೆ ಕಡಿಮೆಯೆಂದು ಕಟ್ಟುಪಾಡು ಸಡಿಲವಲ್ಲ. ಐರಿಷ್ ವಿಸ್ಕಿ ಎನಿಸಿಕೊಳ್ಳಲು ಆ ದ್ವೀಪದಲ್ಲೇ ಭಟ್ಟಿ ಇಳಿಸಿ, ಅಲ್ಲಿಯೇ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿಸಬೇಕು. ಮದ್ಯಾಂಶ ಶೇ 40ಕ್ಕಿಂತ ಕಡಿಮೆ ಇರಕೂಡದು. ಈ ಮೂರೂ ಧಾನ್ಯದ ಹಗುರ ವಿಸ್ಕಿ ಬೆರೆಸಿದ ಮಿಶ್ರಣಗಳೇ. ಮುಖ್ಯ ವ್ಯತ್ಯಾಸ ಅದರ ಜೊತೆ ಸೇರುವ ಇನ್ನೊಂದು ವಿಸ್ಕಿಯದು.

ಮೊದಲು ಬುಷ್‌ಮಿಲ್ಸ್. ಉತ್ತರದ ಆಂಟ್ರಿಮ್ ಸೀಮೆಯದು. 1608ರಲ್ಲಿ ಆ ಪ್ರದೇಶಕ್ಕೆ ಸಿಕ್ಕ ರಾಜಪರವಾನಗಿಯ ವರ್ಷವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಕಂಪನಿ ನೋಂದಣಿಯಾದದ್ದು 1784ರಲ್ಲಿ. ಇದರಲ್ಲಿರುವುದು ಮೊಳಕೆ ಕಟ್ಟಿಸಿದ ಬಾರ್ಲಿಯನ್ನು ಮೂರು ಬಾರಿ ಭಟ್ಟಿ ಇಳಿಸಿದ ಮಾಲ್ಟ್. ಬಾಯಿ ತುಸು ತೆರೆದು ಮೂಸಿದರೆ ಘಾಟು ಮೂಗಿಗೆ ಬಡಿಯುವುದಿಲ್ಲ. ಜೇನು, ಸೇಬಿನ ಘಮ ಮೆಲ್ಲಗೆ ಬರುತ್ತದೆ.

ಜೇಮ್ಸನ್ ಹುಟ್ಟಿದ್ದು 1780ರ ಡಬ್ಲಿನ್‌ನಲ್ಲಿ, ಪವರ್ಸ್ 1791ರಲ್ಲಿ ಅದೇ ಊರಲ್ಲಿ. ಇಂದು ಎರಡೂ ತಯಾರಾಗುವುದು ಕಾರ್ಕ್ ಸೀಮೆಯ ಮಿಡಲ್ಟನ್‌ನ ಒಂದೇ ಕಾರ್ಖಾನೆಯಲ್ಲಿ. ಆದರೂ ಗುಟುಕಿನಲ್ಲಿ ಅಜಗಜಾಂತರ. ಜೇಮ್ಸನ್ ವೆನಿಲಾದ ಸಿಹಿ ತೋರಿಸಿ ನಯವಾಗಿ ಇಳಿದುಬಿಡುತ್ತದೆ. ಪವರ್ಸ್ ಹಾಗಲ್ಲ: ಎಣ್ಣೆಯಂತೆ ನಾಲಿಗೆಗೆ ಹರಡಿ, ಹಿಂದೆಯೇ ಮೆಣಸು, ಚಕ್ಕೆಯ ಖಾರ ಏಳುತ್ತದೆ. ನಾಲ್ಕು ಹನಿ ನೀರು ಬಿಟ್ಟರೆ ಆ ಖಾರದ ಕೆಳಗಿನ ಜೇನೂ ಕಾಣಿಸುತ್ತದೆ.

ಆ ಖಾರ ‘ಪಾಟ್ ಸ್ಟಿಲ್’ ವಿಸ್ಕಿಯದು. ಮೊಳಕೆ ಬಾರ್ಲಿಯ ಜೊತೆ ಮೊಳಕೆ ಬರಿಸದ ಹಸಿ ಬಾರ್ಲಿಯನ್ನೂ ಸೇರಿಸಿ ತಾಮ್ರದ ಹಂಡೆಯಲ್ಲಿ ಇಳಿಸುವ ಪದ್ಧತಿ ಅದು. 1785ರ ಮಾಲ್ಟ್ ತೆರಿಗೆಯ ಹೊರೆ ತಗ್ಗಿಸಿಕೊಳ್ಳಲು ಭಟ್ಟಿಯವರು ಹಸಿ ಕಾಳಿನ ಪಾಲು ಹೆಚ್ಚಿಸಿದರು. ತೆರಿಗೆ ಹೋಯಿತು, ರುಚಿ ಉಳಿಯಿತು.

ಅದು ಉಳಿದದ್ದೇ ದೊಡ್ಡದು. ಈನಿಯಸ್ ಕಾಫಿ ಎಂಬ ಐರಿಷ್ ವ್ಯಕ್ತಿ 1830ರಲ್ಲಿ ಪೇಟೆಂಟ್ ಪಡೆದ, ಅಗ್ಗವಾಗಿ ಭಟ್ಟಿ ಇಳಿಸುವ ಯಂತ್ರವನ್ನು ಡಬ್ಲಿನ್‌ನ ದೊಡ್ಡ ಮನೆತನಗಳು ಒಲ್ಲೆನೆಂದವು. ಸ್ಕಾಟ್ಲೆಂಡ್ ಅಪ್ಪಿಕೊಂಡು ಮಾರುಕಟ್ಟೆ ಗೆದ್ದಿತು. ಅಮೆರಿಕದ ಪಾನನಿಷೇಧವೂ ಪೆಟ್ಟು ಕೊಟ್ಟಿತು. 1970ರ ದಶಕದ ನಡುವಿಗೆ ಇಡೀ ದ್ವೀಪದಲ್ಲಿ ಉಳಿದದ್ದು ಮಿಡಲ್ಟನ್ ಮತ್ತು ಬುಷ್‌ಮಿಲ್ಸ್ ಎರಡೇ. 1987ರಲ್ಲಿ ಜಾನ್ ಟೀಲಿಂಗ್ ಕೂಲಿ ಭಟ್ಟಿ ಆರಂಭಿಸಿದ ಮೇಲೆ ಹೊಸಬರಿಗೆ ದಾರಿಯಾಯಿತು.

ಹೊಸದಾಗಿ ಪರಿಚಯವಾಗುವವರಿಗೆ ಜೇಮ್ಸನ್ ಸುಲಭ, ಮೆದು ಘಮ ಬೇಕಾದವರಿಗೆ ಬುಷ್‌ಮಿಲ್ಸ್. ಐರ್ಲೆಂಡಿನ ಸ್ವಂತ ರುಚಿ ಯಾವುದೆಂದು ಕೇಳಿದರೆ ನನ್ನ ಬೆರಳು ಪವರ್ಸ್ ಕಡೆಗೆ. ಕುಡಿಯದವರು ಇದಕ್ಕಾಗಿ ಶುರು ಮಾಡಬೇಕಿಲ್ಲ. ಕುಡಿಯುವವರಿಗೆ, ರುಚಿ ತಿಳಿಯಲು ಎರಡು ಚಮಚ ಧಾರಾಳವಾಯಿತು.